ಲೋಹದೊಳಗಿನ ಗಾಳಿ

ಊಟಕ್ಕೆ ಬರುತ್ತೇನೆಂದು ಒಪ್ಪಿಕೊಂಡದ್ದೇ ತಪ್ಪಾಯಿತು ಎಂದು ಸಗೀರಾಗೆ ಅನ್ನಿಸಿದ್ದು ಬಸ್ಸು ಸಿಂದಗಿ ದಾಟಿದ ಮೇಲೆ. ಅಲ್ಲಿಯವರೆಗೆ, ಇಂಡಿ ಊರಿನ ನಿಂಬೆ ತೋಟಗಳು ಹಿಂದೆ ಸರಿದು ಎರಡೂ ಬದಿಗೆ ಕೊಯ್ಲಿಗೆ ಬಂದ ಬಿಳಿಜೋಳ ನಿಲ್ಲುವವರೆಗೆ, ಇದೊಂದು ತೊಟ್ಟಿಲ ಕಾರ್ಯ ಅಷ್ಟೆ, ಹೋಗುವುದು, ಕೂಸಿನ ಕಾಲಿಗೆ ಬೆಳ್ಳಿಯ ಕಡಗ ಹಾಕುವುದು, ಉಂಡು ಸಂಜೆ ಬಸ್ಸಿಗೆ ಮರಳುವುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದಳು. ಸಿಂದಗಿಯಲ್ಲಿ ಹತ್ತಿದ ಕಂಡಕ್ಟರು ಮೋರಟಗಿಯಲ್ಲಿ ಯಾರ ಮನೆಗೆ ಎಂದು ಕೇಳಿದ. ಪರಪ್ಪನ ಹೆಸರು ಹೇಳಿದಳು. "ಮುಂಬಯ್ದಾಗ ಅಣುಶಕ್ತಿ ಆಫೀಸಿನ್ಯಾಗ ಅದಾನಲ್ರಿ, ಆ ಪರಪ್ಪ? ಅಂವನ ಜೀವ್ನಾನ ಬ್ಯಾರೆ ಬಿಡ್ರಿ. ಯಾರೋ ಇಂಡಿ ಕಡೀ ಬಾಯಾರು ಹಚ್ಚಿ ಕೊಟ್ರಂತ ನೌಕರಿ." ಆ ಬಾಯಾರು ತಾನೇ ಎಂದು ಅವಳು ಹೇಳಲಿಲ್ಲ. ಟಿಕೀಟನ್ನು ಸಣ್ಣಗೆ ಮಡಚಿದಳು, ಮತ್ತೆ ಮಡಚಿದಳು, ಇನ್ನು ಮಡಚಲು ಬಾರದಂತಾದಾಗ ಮುಷ್ಟಿಯಲ್ಲಿ ಇಟ್ಟುಕೊಂಡಳು.

ಆರು ವರ್ಷದ ಹಿಂದೆ ಪರಪ್ಪ ಇಂಡಿಯಲ್ಲಿ ಅವಳ ಅಪ್ಪನ ಫೋಟೋ ಸ್ಟುಡಿಯೋಕ್ಕೆ ಅರ್ಜಿಗೆ ಅಂಟಿಸುವ ಫೋಟೋ ತೆಗೆಸಲು ಬಂದಿದ್ದ. ಐಟಿಐ ಮುಗಿಸಿದ್ದ, ಫಿಟ್ಟರು. ಅಪ್ಪ ಗೈಬುಸಾಬ, ಗಿರಾಕಿಗಳ ಸುಖದುಃಖ ಕೇಳದೆ ಕ್ಯಾಮೆರಾದ ಮುಚ್ಚಳ ತೆಗೆಯದ ಮನುಷ್ಯ, "ನಮ್ಮ ಮಗಳು ಮುಂಬಯ್ದಾಗ ದೊಡ್ಡ ದುರ್ಬೀನು ನಡಸ್ತಾಳ, ಆಕಿಗಿ ಒಂದು ಪತ್ರ ಹಾಕ್ತೇನಿ" ಎಂದುಬಿಟ್ಟ. ಅದು ದುರ್ಬೀನಲ್ಲ, ಇಲೆಕ್ಟ್ರಾನ್ ಮೈಕ್ರೊಸ್ಕೋಪು, ದೂರದ್ದನ್ನಲ್ಲ ಸಣ್ಣದ್ದನ್ನು ನೋಡುವುದು ಎಂದು ಎಷ್ಟು ಸಲ ಹೇಳಿದರೂ ಅಪ್ಪ ದುರ್ಬೀನು ಎನ್ನುವುದನ್ನು ಬಿಡಲಿಲ್ಲ. ಅವಳು ವಿಭಾಗದ ಮುಖ್ಯಸ್ಥ ರಾವಸಾಬರ ಬಳಿ ಒಂದು ಮಾತು ಆಡಿದಳು. ರಾವಸಾಬರು ಬಸವನ ಬಾಗೇವಾಡಿಯವರು, ನಮ್ಮ ಕಡೆಯ ಹುಡುಗರೆಂದರೆ ಮೆತ್ತಗಾಗುವವರು. ಪರಪ್ಪ ಬಂದ. ಈ ಆರು ವರ್ಷ ಅವನು ಗಾಜಿನ ಪೆಟ್ಟಿಗೆಗೆ ಬಿಗಿದಿಟ್ಟ ರಬ್ಬರು ಕೈಗವಸಿನಲ್ಲಿ ಕೈ ತೂರಿಸಿ, ವಿಕಿರಣ ಸೂಸುವ ಹೈಡ್ರೋಜನ್ನನ್ನು ಲೋಹದ ಡಬ್ಬಿಗಳಿಗೆ ತುಂಬಿದ್ದಾನೆ, ತೆಗೆದಿದ್ದಾನೆ. ಪ್ರತಿ ಸೋಮವಾರ ಒಂದು ಬಾಟಲಿಯಲ್ಲಿ ತನ್ನ ಉಚ್ಚೆಯನ್ನು ವಿಕಿರಣದ ತಪಾಸಣೆಗೆ ಕೊಟ್ಟಿದ್ದಾನೆ. ಕಾರಿಡಾರಿನಲ್ಲಿ ಅವಳು ಎದುರಾದರೆ ಆ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು "ಆರಾಮ್ರೀ ಅಕ್ಕಾರ?" ಎನ್ನುತ್ತಿದ್ದ.

ಡಬ್ಬಿಯೊಳಗೆ ಇಟ್ಟ ಲೋಹ ಆ ಹೈಡ್ರೋಜನ್ನನ್ನು ಒಣ ಎರೆಮಣ್ಣು ಮೊದಲ ಮಳೆ ಕುಡಿದಂತೆ ಕುಡಿಯುತ್ತದೆ. ಕುಡಿದು ಸುಮ್ಮನಿರುತ್ತದೆ. ಸುಮ್ಮನಿರುತ್ತದೆ ಎಂದೇ ಅದರಲ್ಲಿ ತುಂಬಿಡುವುದು. ಆದರೆ ಈ ಹೈಡ್ರೋಜನ್ನಿನ ಪರಮಾಣುಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ, ಸತ್ತದ್ದು ಹೀಲಿಯಂ ಆಗುತ್ತದೆ, ಮತ್ತು ಹೀಲಿಯಂ ಲೋಹದ ಜೊತೆ ಸಂಸಾರ ಮಾಡುವ ಜಾತಿಯದಲ್ಲ. ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲ, ಒಳಗೆ ಕರಗಲು ಬರುವುದಿಲ್ಲ. ಒಂದನ್ನೊಂದು ಹುಡುಕಿಕೊಂಡು ಗುಂಪಾಗಿ, ತಮ್ಮ ಸುತ್ತಲಿನ ಲೋಹವನ್ನು ನೂಕಿ, ಗುಳ್ಳೆ ಮಾಡಿಕೊಳ್ಳುತ್ತವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ ಎರಡು ಚೂರಿನಷ್ಟು ಅಗಲದ ಗುಳ್ಳೆ. ಇದು ಪುಸ್ತಕದಲ್ಲಿ ಹೀಗಾಗಬಹುದು ಎಂದು ಇತ್ತು. ಆಗುತ್ತದೆಯೋ, ಎಷ್ಟು ಬೇಗ, ಈ ಲೋಹದಲ್ಲಿ ಆಗುತ್ತದೆಯೋ ಎಂದು ನೋಡಿ ಹೇಳುವುದು ಅವಳ ಕೆಲಸವಾಗಿತ್ತು. ನೋಡಿದಳು. ಕಳೆದ ವರ್ಷ ಜೂನಿನಲ್ಲಿ, ಹೊರಗೆ ಎಮರ್ಜನ್ಸಿಯ ಸುದ್ದಿ ಬಂದ ವಾರ, ಆರು ತಿಂಗಳು ಹಳತಾದ ಲೋಹದ ಹಾಳೆಯನ್ನು ಇಲೆಕ್ಟ್ರಾನು ತೂರುವಷ್ಟು ತೆಳ್ಳಗೆ ಮಾಡಿ ನೋಡಿದಳು. ಫೋಕಸ್ಸು ಸರಿಯಾಗಿ ಕೂಡಿಸಿ ತೆಗೆದ ಪ್ಲೇಟುಗಳಲ್ಲಿ ಲೋಹ ಬರಿದಾಗಿತ್ತು, ಬಿತ್ತದೆ ಬಿಟ್ಟ ಹೊಲದಂತೆ. ಫೋಕಸ್ಸನ್ನು ಬೇಕೆಂದೇ ಸ್ವಲ್ಪ ಕೆಡಿಸಿ ತೆಗೆದ ಎರಡು ಪ್ಲೇಟುಗಳಲ್ಲಿ ಮಾತ್ರ ಚುಕ್ಕೆಗಳಿದ್ದವು. ರಾವಸಾಬರು ಅವನ್ನು ಬೆಳಕಿಗೆ ಹಿಡಿದು, "ಇವು ಪಾಲೀಶ್ ಮಾಡೋ ಆಸಿಡ್ಡಿನ ಗುರ್ತು ಸಗೀರಾ. ಮ್ಯಾಲೆ ಬಿದ್ದ ತಗ್ಗು. ಫೋಕಸ್ ಕೆಡಿಸಿದ್ರ ಧೂಳೂ ಮುತ್ತಿನ್ಹಂಗ ಕಾಣ್ತೈತಿ. ಒಳ್ಳೇ ಪ್ಲೇಟು ಹಾಕ್ರಿ" ಎಂದರು. ಅವರು ಸುಳ್ಳು ಹೇಳುವವರಲ್ಲ. ಅವರಿಗೆ ಹಾಗೇ ಅನ್ನಿಸಿತ್ತು. ಅವಳಿಗೂ ಹಾಗೇ ಅನ್ನಿಸಲಿ ಎಂದು ಅವಳು ಬಯಸಿದಳು. ವರದಿಯಲ್ಲಿ ಒಳ್ಳೆಯ ಪ್ಲೇಟು ಹಾಕಿ, ಲೋಹದಲ್ಲಿ ಯಾವ ಬದಲಾವಣೆಯೂ ಇಲ್ಲ ಎಂದು ಬರೆದು ಸಹಿ ಮಾಡಿದಳು. ಅದರ ಕೆಳಗೆ ರಾವಸಾಬರು ಮಾಡಿದರು.

ಅಷ್ಟಕ್ಕೇ ನಿಂತಿದ್ದರೆ ಅದು ತಪ್ಪು, ಪಾಪವಲ್ಲ. ಆದರೆ ನವೆಂಬರಿನ ಒಂದು ಮಧ್ಯಾಹ್ನ, ಬೇರೆ ಕೆಲಸವಿಲ್ಲದೆ, ಅದೇ ಹಾಳೆಯನ್ನು ಮತ್ತೆ ಒಳಗೆ ಇಟ್ಟು, ಒಮ್ಮೆ ಎಡಕ್ಕೆ ಬಾಗಿಸಿ ಒಮ್ಮೆ ಬಲಕ್ಕೆ ಬಾಗಿಸಿ ಎರಡು ಚಿತ್ರ ತೆಗೆದಳು. ಆ ಎರಡನ್ನು ಜೋಡಿಗನ್ನಡಿಯ ಕೆಳಗೆ ಇಟ್ಟು ಎರಡೂ ಕಣ್ಣಿನಿಂದ ನೋಡಿದರೆ ಆಳ ಕಾಣುತ್ತದೆ. ಆಸಿಡ್ಡಿನ ತಗ್ಗುಗಳಾಗಿದ್ದರೆ ಎಲ್ಲ ಒಂದೇ ಮಟ್ಟದಲ್ಲಿ, ಮೇಲ್ಮೈಗೆ ಅಂಟಿಕೊಂಡಿರಬೇಕು. ಅವು ಹಾಗಿರಲಿಲ್ಲ. ಲೋಹದ ದಪ್ಪದ ಉದ್ದಕ್ಕೂ, ಮೇಲೆ ಕೆಲವು, ನಡುವೆ ಕೆಲವು, ತಳದಲ್ಲಿ ಕೆಲವು, ತಿಳಿನೀರಿನಲ್ಲಿ ಮೀನಿನ ಮೊಟ್ಟೆ ತೇಲಿದಂತೆ ತೂಗಿಕೊಂಡಿದ್ದವು. ಅವಳ ಕಿವಿಯಲ್ಲಿ ನಿರ್ವಾತ ಪಂಪಿನ ಸದ್ದು ಒಮ್ಮೆಲೇ ದೊಡ್ಡದಾಯಿತು. ಎದ್ದು ಬಾಗಿಲು ಹಾಕಿದಳು. ಯಾಕೆ ಹಾಕಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾಳೆ. ಪ್ಲೇಟುಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ ಡ್ರಾವರಿನ ತಳಕ್ಕೆ ಸೇರಿಸಿದಳು. ನಾಳೆ ಹೇಳುತ್ತೇನೆ ಎಂದುಕೊಂಡಳು. ಆ ವಾರವೇ ಅವಳಿಗೆ ಬಡ್ತಿಯ ಪತ್ರ ಬಂತು. ವಿಭಾಗದಲ್ಲಿ ಅಷ್ಟು ಮೇಲೆ ಹೋದ ಮೊದಲ ಹೆಂಗಸು, ರಾವಸಾಬರು ಎಲ್ಲರಿಗೂ ಪೇಡೆ ಹಂಚಿದರು, ಪತ್ರದಲ್ಲಿ ಅವಳ ವರದಿಯ ಮಾತೂ ಇತ್ತು. ನಾಳೆ ಎಂಬುದು ಮೂರು ತಿಂಗಳಾಯಿತು.

ಬಸ್ಸಿನ ಕಿಟಕಿಯಲ್ಲಿ ಕುಸುಬೆಯ ಹಳದಿ ಹೊಲಗಳು ಹಾದು ಹೋದವು, ಅವುಗಳ ನಡುವೆ ಯಾವ ಸಂಬಂಧವೂ ಇಲ್ಲದೆ ರುಕ್ಮವ್ವ ನೆನಪಾಗಿ ಬಂದು ನಿಂತಳು. ಮುದ್ದೇಬಿಹಾಳದ ಹುಡುಗಿ, ಸಾಲೋಟಗಿಯ ಬೀಗರ ಮನೆಗೆ ಬಂದವಳು, ವರನ ಕಡೆಗೆ ಕಳಿಸಲು ಫೋಟೋ ತೆಗೆಸಿಕೊಂಡಿದ್ದಳು. ಮುಖದ ತುಂಬ ಸಿಡುಬಿನ ಕಲೆ. ಅಪ್ಪನ ಕೈ ನಡುಗುತ್ತಿದ್ದ ಕಾಲ ಅದು, ಮಲೇರಿಯಾ ಜ್ವರದಿಂದ ಎದ್ದಿದ್ದ. ಹದಿಮೂರು ವರ್ಷದ ಸಗೀರಾ ಚೂಪು ಪೆನ್ಸಿಲು ಹಿಡಿದು ನೆಗೆಟಿವ್ವಿನ ಮೇಲೆ ಒಂದೊಂದೇ ಕಲೆ ಮುಚ್ಚಿದ್ದಳು, ಎರಡು ದಿನ ಕೂತು, ಹೆಮ್ಮೆಯಿಂದ. ಮುದ್ರಣವಾಗಿ ಬಂದದ್ದು ಮೊಸರಿನಂಥ ಮುಖ. ಮೂರು ತಿಂಗಳಿಗೆ ರುಕ್ಮವ್ವ ತಾನೇ ಸ್ಟುಡಿಯೋಕ್ಕೆ ಬಂದಳು, ಕೂಗಾಡಲಿಲ್ಲ. "ಅಕ್ಷತಾ ಹಾಕೂ ಹೊತ್ತಿನ್ಯಾಗ ಎದ್ದು ಹೋದ್ರು. ನಾನೇನ್ ನಿಮಗ ಕಲಿ ಅಳಸ್ರಿ ಅಂದಿದ್ದೆನೇನು?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ತಲೆ ತಗ್ಗಿಸಿದ. ಮಗಳು ಮಾಡಿದ್ದು ಎಂದು ಹೇಳಲಿಲ್ಲ. ಸಗೀರಾ ಡಾರ್ಕ್‌ರೂಮಿನ ಪರದೆಯ ಹಿಂದೆ ನಿಂತು, ಫೋಟೋ ತೊಳೆಯುವ ಹೈಪೋದ ವಾಸನೆಯಲ್ಲಿ, ಎಲ್ಲ ಕೇಳಿಸಿಕೊಂಡಳು. ಆ ಪರದೆಯನ್ನು ಸರಿಸಿ ಹೊರಗೆ ಬಂದು ನಾನು ಎನ್ನಲಿಲ್ಲ.

"ಮೋರಟಗಿ ಬಂತ್ರೀ ಬಾಯಾರ."

ಪರಪ್ಪನ ತಾಯಿ ಸಾವಂತ್ರವ್ವ ಅಂಗಳದ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟಳು, ಕೈ ಹಿಡಿದು ನಡುಮನೆಗೆ ಕರೆದೊಯ್ದು ಕಂಬಳಿಯ ಮೇಲೆ ಕೂಡಿಸಿದಳು, ಕೂತವಳ ಮುಖವನ್ನು ಎರಡೂ ಅಂಗೈಯಿಂದ ಸವರಿ ನೆಟಿಗೆ ಮುರಿದಳು. ಎರಡನೆಯ ಬಾಣಂತನವಾದ್ದರಿಂದ ಸೊಸೆ ಹೊನ್ನವ್ವ ತವರಿಗೆ ಹೋಗದೆ ಇಲ್ಲೇ ಇದ್ದಳು. ಒಳಕೋಣೆಯಿಂದ ಸಾಂಬ್ರಾಣಿ ಹೊಗೆಯ ಜೊತೆ ಕೂಸಿನ ಅಳು ಬರುತ್ತಿತ್ತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. "ಇವ್ರ ನೋಡ್ರೆವ್ವ, ನಮ್ಮ ಪರಪ್ಪನ್ನ ಉದ್ಧಾರ ಮಾಡಿದವ್ರು" ಎಂದು ಸಾವಂತ್ರವ್ವ ಪ್ರತಿಯೊಬ್ಬರಿಗೂ ಹೊಸದಾಗಿ ಹೇಳಿದಳು. ಪ್ರತಿ ಸಲವೂ ಸಗೀರಾಗೆ ನಗಬೇಕಾಯಿತು. ಆ ನಗು ಮುಖದ ಮೇಲೆ ಒಣಗಿದ ಅಂಟಿನಂತೆ ಬಿಗಿಯುತ್ತ ಹೋಯಿತು.

ಪರಪ್ಪ ಹೊಸ ಧೋತರ ಉಟ್ಟು ಓಡಾಡುತ್ತಿದ್ದ. ಮುಂಬಯಿಯಲ್ಲಿ ಅವನು ಯಾವಾಗಲೂ ಗೋಡೆಗೆ ಸರಿದು ನಡೆಯುತ್ತಿದ್ದ. ಇಲ್ಲಿ ನಡುಮನೆಯ ನಡುವೆ ನಡೆಯುತ್ತಿದ್ದ. ಅವಳ ಎದುರು ಬಂದು ಮಂಡಿಯೂರಿ ಕೂತು, ದನಿ ತಗ್ಗಿಸಿ, "ಅಕ್ಕಾರ, ನಿಮಗೊಂದು ಸುದ್ದಿ ಹೇಳೂದೈತಿ. ಹೊಸಾ ಹನ್ನೆರಡು ಡಬ್ಬಿ ಬಂದಾವಲ್ರಿ, ಅವುಗಳ ಚಾರ್ಜು ನನಗ ಕೊಟ್ಟಾರ. ಮುಂದಿನ ಒಂದನೇ ತಾರೀಖಿಗೆ ತುಂಬೂದು. ಮೀಟರು ಗೀಟರು ಏನೂ ಇಲ್ಲರೀ ಅವಕ್ಕ, ತುಂಬಿ ಮುಚ್ಚಿದ್ರ ಹತ್ತು ವರ್ಷ ತಿರುಗಿ ನೋಡೂದು ಬ್ಯಾಡಂತ. ನಿಮ್ಮ ರಿಪೋರ್ಟಿನ ಮ್ಯಾಲ ಹಂಗ ಮಾಡ್ಯಾರಂತ ಸಾಹೇಬ್ರು ಅಂದ್ರು. ನನಗೆಷ್ಟು ಹೆಮ್ಮಿ ಆತು ಅಂತೀರಿ!"

ಹನ್ನೆರಡು ಡಬ್ಬಿಗಳ ಸಂಗತಿ ಅವಳಿಗೆ ಗೊತ್ತಿತ್ತು. ಮೀಟರು ತೆಗೆದದ್ದು ಗೊತ್ತಿರಲಿಲ್ಲ. ಒತ್ತಡ ತೋರಿಸುವ ಮೀಟರು ಇಲ್ಲದ ಡಬ್ಬಿಯಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ, ಲೋಹ ಬಿರಿದು ಹಿಟ್ಟಾಗಿ, ಹೀಲಿಯಂ ಅದರಿಂದ ಹೊರಬಿದ್ದು ಡಬ್ಬಿಯೊಳಗೇ ಬಿಗಿಯುತ್ತ ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಎರಡು ವರ್ಷಕ್ಕೋ ನಾಲ್ಕು ವರ್ಷಕ್ಕೋ ಒಂದು ದಿನ ಒಬ್ಬ ಮನುಷ್ಯ ಕವಾಟದ ತಿರುಪು ಸಡಿಲಿಸುತ್ತಾನೆ. ಮಿಕ್ಕ ಹೈಡ್ರೋಜನ್ನೂ ಆ ಒತ್ತಡದ ಜೊತೆ ಬಂದು ಅವನ ಉಸಿರಿಗೆ ಸೇರುತ್ತದೆ, ನೀರಾಗಿ ಮೈಯೆಲ್ಲ ಹರಿಯುತ್ತದೆ. ಆ ಮನುಷ್ಯ ಈಗ ಅವಳ ಎದುರು ಮಂಡಿಯೂರಿ ಕೂತು ನಗುತ್ತಿದ್ದ. ಅವನ ಹಣೆಯಲ್ಲಿ ವಿಭೂತಿ ಇನ್ನೂ ಹಸಿಯಾಗಿತ್ತು.

"ಬಾರಪ್ಪಾ ಪರಪ್ಪ, ಹೊತ್ತಾತು" ಎಂದು ಸಾವಂತ್ರವ್ವ ಒಳಗಿನಿಂದ ಕೂಗಿದಳು. ಆಮೇಲೆ ತಾನೇ ಬಂದು ಸಗೀರಾಳ ಮುಂದೆ ನಿಂತು, ಸೆರಗು ಸರಿಮಾಡಿಕೊಂಡಳು. "ತಂಗಿ, ಹೆಸರಿಡೂದು ಸೋದರತ್ತಿ ಕೆಲಸ. ನನಗ ಹೆಣ್ಣಮಕ್ಕಳಿಲ್ಲ. ಅಂವಗ ಅಕ್ಕ ಅಂತ ಇದ್ರ ನೀನ. ನೀನ ಕೂಸಿನ ಕಿವ್ಯಾಗ ಹೆಸರು ಹೇಳಬೇಕು. ಒಲ್ಲೆ ಅನಬ್ಯಾಡ."

ಸಗೀರಾ ಎದ್ದು ನಿಂತಳು. ಹೂಂ ಎನ್ನುವುದು ಎಷ್ಟು ಸುಲಭವಿತ್ತು. ಎಲ್ಲರೂ ಆ ಹೂಂ ಎಂಬುದಕ್ಕೆ ಕಾಯುತ್ತಿದ್ದರು, ಬಾಗಿಲಲ್ಲಿ ನಿಂತ ಓಣಿಯ ಹೆಂಗಸರು ಆಗಲೇ ನಗಲು ಶುರು ಮಾಡಿದ್ದರು. ಹೇಳುತ್ತೇನೆ, ನಾಳೆ, ಮುಂಬಯಿಗೆ ಹೋದ ಮೇಲೆ, ಒಂದನೇ ತಾರೀಖಿಗೆ ಇನ್ನೂ ಹತ್ತು ದಿನವಿದೆ, ಎಂದು ಒಳಗೆ ಯಾವುದೋ ದನಿ ಬಹಳ ಸಭ್ಯವಾಗಿ ಹೇಳುತ್ತಿತ್ತು. ಆ ದನಿಯ ಪರಿಚಯ ಅವಳಿಗೆ ಚೆನ್ನಾಗಿತ್ತು. ಮೂರು ತಿಂಗಳು ಅದರ ಜೊತೆಯೇ ಉಂಡಿದ್ದಳು, ಮಲಗಿದ್ದಳು. "ಐದು ಮಿನಿಟು ತಡೀರವ್ವ" ಎಂದಳು. "ಪರಪ್ಪ, ಹಿತ್ತಲಕ್ಕ ಬಾ."

ಹಿತ್ತಿಲಿನಲ್ಲಿ ಒಲೆ ಹೂಡಿ ಇಬ್ಬರು ಹೆಂಗಸರು ರೊಟ್ಟಿ ಸುಡುತ್ತಿದ್ದರು. ಅವರಿಂದ ದೂರ, ಬಣವೆಯ ನೆರಳಿಗೆ ನಿಂತು, ಅವಳು ಅವನಿಗೆ ಹೇಳಿದಳು. ಸುತ್ತಿ ಬಳಸಲಿಲ್ಲ. ಹೇಳಲು ಶುರುಮಾಡಿದ ಮೇಲೆ ಅದು ಎಷ್ಟು ಚಿಕ್ಕ ಸಂಗತಿ ಎಂದು ಆಶ್ಚರ್ಯವಾಯಿತು, ನಾಲ್ಕು ಮಾತಿಗೆ ಮುಗಿದುಹೋಯಿತು. ಲೋಹದಲ್ಲಿ ಗುಳ್ಳೆಗಳಿವೆ. ವರದಿ ತಪ್ಪು. ಆ ಡಬ್ಬಿ ಮೀಟರಿಲ್ಲದೆ ತುಂಬಬಾರದು. ನನಗೆ ನವೆಂಬರಿನಿಂದ ಗೊತ್ತಿದೆ.

ಪರಪ್ಪ ಮೊದಲ ಮೂರನ್ನು ಕೆಲಸದ ಮಾತಿನಂತೆ ಕೇಳಿದ. "ರೊಟ್ಟಿ ಉಬ್ಬಿದ್ಹಂಗ ಏನ್ರಿ?" ಎಂದು ಒಲೆಯ ಕಡೆ ನೋಡಿ ಕೇಳಿದ, ಫಿಟ್ಟರನ ಕುತೂಹಲದಿಂದ. ನಾಲ್ಕನೆಯದು ಅವನಿಗೆ ತಲುಪಲು ಸ್ವಲ್ಪ ಹೊತ್ತು ಬೇಕಾಯಿತು.

"ನವೆಂಬರ್?"

"ಹೌದು."

"ಡಿಸೆಂಬರ್ದಾಗ ಹಳೇ ಡಬ್ಬಿ ಮೂರು ತಗದೇನ್ರಿ ನಾನು. ಇದ ಕೈಲೆ." ಕೈಯನ್ನು ಅವಳಿಗೆ ತೋರಿಸಿದ, ಅಂಗೈ ಮೇಲೆ ಮಾಡಿ. "ನೀವು ಕಾಜಿನ ಆಚಿ ನಿಂತ ನೋಡಾಕತ್ತಿದ್ರಿ. ಚಹಾ ಕುಡಿದೆಯೇನು ಪರಪ್ಪ ಅಂತ ಕೇಳಿದ್ರಿ."

ಅದು ಅವಳಿಗೆ ನೆನಪಿತ್ತು. ಆ ಮೂರಕ್ಕೆ ಮೀಟರಿದ್ದವು, ಏನೂ ಆಗುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಅವಳು ಹೇಳಲಿಲ್ಲ.

"ಯಾಕ್ರೀ ಅಕ್ಕಾರ?"

"ಅಂಜಿದೆ. ನನ್ನ ಹೆಸರಿನ ಸಲುವಾಗಿ."

ಅವನು ಬೈಯುತ್ತಾನೆ ಎಂದುಕೊಂಡಿದ್ದಳು. ಬೈಯಲಿ ಎಂದು ಆಸೆಪಟ್ಟಳು. ಪರಪ್ಪ ಬಣವೆಯಿಂದ ಒಂದು ದಂಟು ಎಳೆದು, ಸಿಗಿದು, ಎಸೆದ. "ನೀವು ಮುಟ್ಟು ಅಂದ್ರಿ, ಮುಟ್ಟಿದೆ. ಇದೇನು, ಹೆಂಗ, ಒಂದಿನಾ ಕೇಳಲಿಲ್ಲ. ನಮ್ಮ ಅಕ್ಕಾರು ನೋಡ್ಯಾರ ಅಂದ ಮ್ಯಾಲ ನಾ ಏನ್ ನೋಡೂದು ಅಂತಿದ್ದೆ." ಒಳಗಿನಿಂದ ಮತ್ತೆ ಕೂಗು ಬಂತು. ಅವನು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ. "ನಡೀರಿ. ಅವ್ವ ಕಾಯಾಕತ್ತಾಳ. ಆಕಿಗಿ ಏನೂ ಹೇಳಬ್ಯಾಡ್ರಿ."

"ಬ್ಯಾರೆ ಯಾರರ ಹೆಸರಿಡ್ಲಿ ಪರಪ್ಪ."

"ಮಂದಿ ಕೂತಾರ್ರಿ" ಎಂದ, ಅವಳ ಕಡೆ ನೋಡದೆ. "ಬಂದು ಇಡ್ರಿ."

ಆ ಮೇಲಿನ ಅರ್ಧ ಗಂಟೆಯನ್ನು ಅವಳು ಹೇಗೋ ದಾಟಿದಳು. ತೊಟ್ಟಿಲಿಗೆ ಹಸಿರು ಖಣ ಹೊದಿಸಿದ್ದರು. ಹೊನ್ನವ್ವ ತಲೆಗೆ ಬಟ್ಟೆ ಕಟ್ಟಿಕೊಂಡು, ದಣಿದ ಮುಖದಲ್ಲಿ ನಾಚಿ, ಕೂಸನ್ನು ಅವಳ ಕೈಗೆ ಕೊಟ್ಟಳು. ಕೂಸು ಅಂದುಕೊಂಡದ್ದಕ್ಕಿಂತ ಬಿಸಿಯಿತ್ತು, ಭಾರವಿತ್ತು. ಸಾವಂತ್ರವ್ವ ಕಿವಿಯಲ್ಲಿ ಪಿಸುಗುಟ್ಟಿದ ಹೆಸರನ್ನು, ಸಿದ್ದಲಿಂಗವ್ವ ಎಂದು, ಸಗೀರಾ ಕೂಸಿನ ಕಿವಿಗೆ ಮೂರು ಸಲ ಹೇಳಿದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು, ನಗುತ್ತ, ಸ್ವಲ್ಪ ಜೋರಾಗಿಯೇ. ಆ ಗುದ್ದುಗಳು ಮೈಗೆ ಹಿತವೆನಿಸಿದವು. ಪರಪ್ಪ ಬಾಗಿಲ ಚೌಕಟ್ಟಿಗೆ ಒರಗಿ, ತೊಟ್ಟಿಲಿನ ಹಗ್ಗವನ್ನೇ ನೋಡುತ್ತ ನಿಂತಿದ್ದ. ಊಟದಲ್ಲಿ ಹೋಳಿಗೆಯ ಮೇಲೆ ತುಪ್ಪ ಬಡಿಸಲು ಅವನೇ ಬಂದ, ಉಳಿದವರಿಗೆ ಎಷ್ಟು ಬಡಿಸಿದನೋ ಅವಳಿಗೂ ಅಷ್ಟೇ ಬಡಿಸಿದ, ಮುಂದೆ ಹೋದ. ಅವಳು ಪೂರ್ತಿ ಉಂಡಳು, ಏನೂ ಬಿಡದೆ. ಬಿಡುವ ಹಕ್ಕು ತನಗಿಲ್ಲ ಅನ್ನಿಸಿತ್ತು.

ಮೂರೂವರೆಯ ಬಸ್ಸಿನಿಂದ ಸಿಂದಗಿಯಲ್ಲಿ ಇಳಿದವಳು ಇಂಡಿಯ ಬಸ್ಸು ನಿಂತದ್ದು ಕಂಡರೂ ಹತ್ತಲಿಲ್ಲ, ನೇರ ಟಪಾಲು ಕಚೇರಿಗೆ ನಡೆದಳು. ಟೆಲಿಗ್ರಾಮಿನ ತಾರು ಕಳಿಸುವ ಕಿಟಕಿ ಮುಚ್ಚಲು ಇನ್ನೂ ಅರ್ಧ ತಾಸಿತ್ತು. ಫಾರ್ಮು ಇಸಿದುಕೊಂಡು, ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಇಟ್ಟು, ಇಂಗ್ಲಿಷಿನಲ್ಲಿ ಬರೆದಳು: ನನ್ನ ವರದಿ ತಪ್ಪು. ಗುಳ್ಳೆಗಳಿವೆ. ಡಬ್ಬಿ ತುಂಬಬೇಡಿ. ಸಗೀರಾ. ವಿಳಾಸ ರಾವಸಾಬರದು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತ ಜೈನುದ್ದೀನ, ಕನ್ನಡಕವನ್ನು ಹಣೆಗೆ ಏರಿಸಿಕೊಂಡ ನಡುವಯಸ್ಸಿನವ, ಅದನ್ನು ದೂರ ಹಿಡಿದು ಓದಿದ, ಹತ್ತಿರ ಹಿಡಿದು ಓದಿದ. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಸಿಡುಬಿನ ರೋಗಿಯನ್ನು ತೋರಿಸಿದವರಿಗೆ ಬಹುಮಾನ ಎಂಬ ಸರಕಾರದ ಚಿತ್ರಪಟವಿತ್ತು.

"ಯಾರಿಗ್ರೀ ಗುಳ್ಳಿ ಎದ್ದದ್ದು?" ಎಂದು ಕೇಳಿದ, ಸಾಲಿನಲ್ಲಿ ನಿಂತ ನಾಲ್ವರಿಗೂ ಕೇಳುವಂತೆ. "ಮೈಲಿ ಬ್ಯಾನಿ ಇದ್ರ ತಾರು ಅಲ್ಲ, ದವಾಖಾನಿಗೆ ಹೇಳಬೇಕ್ರಿ. ಮೈಲಿ ಹೋತು ಅಂತ ಡಂಗುರಾ ಹೊಡಸ್ಯಾರಲ್ರಿ?"

"ಮನಶ್ಯಾರಿಗಲ್ರಿ. ಲೋಹದಾಗ ಎದ್ದಾವು."

"ಲೋಹಕ್ಕ ಗುಳ್ಳಿ!" ಸಾಲಿನಲ್ಲಿ ಯಾರೋ ನಕ್ಕರು. ಜೈನುದ್ದೀನ ನಗಲಿಲ್ಲ. ದನಿ ಇಳಿಸಿ ಕಿಟಕಿಗೆ ಬಾಗಿದ. "ಬಾಯಾರ, ನೀವು ನಮ್ಮ ಗೈಬುಸಾಬರ ಮಗಳಲ್ಲ? ನಮ್ಮ ನಿಕಾದ ಫೋಟೋ ನಿಮ್ಮಪ್ಪಾರ ತಗದದ್ದು. ಅದಕ್ಕ ಹೇಳ್ತೇನಿ. ದಿನಮಾನ ಛಲೋ ಇಲ್ಲ. ತಿಳೀಲಾರದ ತಾರು ಕಳಸಿದ್ರ ನನ್ನೂ ಕೇಳ್ತಾರ, ನಿಮ್ಮನ್ನೂ ಕೇಳ್ತಾರ. ಮತ್ತ ನಿಮ್ಮ ಕೈಲೆ ನೀವ ತಪ್ಪು ಅಂತ ಯಾಕ ಬರಕೊಡ್ತೀರಿ? ವರದಿ ಪುನಃ ಪರಿಶೀಲನಾ ಆಗಬೇಕು ಅಂತ ಬರೀರಿ. ಅದಕ್ಕೂ ಅದ ಅರ್ಥ. ಕೇಳಾಕೂ ಚಂದ ಐತಿ."

ಅವನು ಫಾರ್ಮನ್ನು ಕಿಟಕಿಯ ಕೆಳಗಿನಿಂದ ವಾಪಸು ತಳ್ಳಿದ, ಪೆನ್ನಿನ ಜೊತೆ. ಒಳ್ಳೆಯ ಮನುಷ್ಯ. ರಾವಸಾಬರೂ ಒಳ್ಳೆಯ ಮನುಷ್ಯ, ಅಪ್ಪನೂ ಒಳ್ಳೆಯ ಮನುಷ್ಯ. ತನ್ನ ಜೀವನದ ತುಂಬ ಒಳ್ಳೆಯ ಮನುಷ್ಯರೇ ನಿಂತು, ಒಂದೊಂದು ಒಳ್ಳೆಯ ಮಾತು ಕೊಟ್ಟು, ತನ್ನನ್ನು ಕಾಪಾಡುತ್ತ ಬಂದಿದ್ದಾರೆ ಎಂದು ಅವಳಿಗೆ ಹೊಳೆಯಿತು. ಪೆನ್ನನ್ನು ಎತ್ತಿಕೊಂಡಳು. ಪರಿಶೀಲನೆ ಎಂದು ಬರೆದರೆ ಒಂದು ಸಮಿತಿ ಕೂಡುತ್ತದೆ, ಸಮಿತಿ ಕೂಡುವಷ್ಟರಲ್ಲಿ ಒಂದನೇ ತಾರೀಖು ಬರುತ್ತದೆ. ತಪ್ಪು ಎಂಬ ಅಕ್ಷರಗಳ ಮೇಲೆ ಪೆನ್ನಿನಿಂದ ಇನ್ನೊಮ್ಮೆ ತಿದ್ದಿದಳು, ದಪ್ಪವಾಗಿ ಕಾಣುವಂತೆ.

"ತಪ್ಪು ಅಂತಾನ ಹೋಗ್ಲಿರಿ."

ಜೈನುದ್ದೀನ ಅವಳನ್ನು ನೋಡಿದ, ಪೋಸ್ಟ್‌ಮಾಸ್ತರರ ಖಾಲಿ ಕುರ್ಚಿಯನ್ನು ನೋಡಿದ, ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡ. ಕೀಲಿಯ ಮೇಲೆ ಅವನ ಬೆರಳು ಕುಣಿಯತೊಡಗಿತು. ಕೊನೆಯ ಅಕ್ಷರ ಹೋಗುವವರೆಗೆ ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು.

ಮುಂಬಯಿಯಲ್ಲಿ ಬುಧವಾರ ಬೆಳಿಗ್ಗೆ ಆ ತಾರು ರಾವಸಾಬರ ಮೇಜಿನ ಮೇಲೆ, ಗಾಜಿನ ಭಾರದ ಕೆಳಗೆ ಇತ್ತು. ಅವರು ಅವಳನ್ನು ಕೂಡಿರಿ ಎನ್ನಲಿಲ್ಲ. "ಡಬ್ಬಿ ತುಂಬೂದು ನಿಲ್ಲಿಸೇನಿ" ಎಂದರು. "ಮೀಟರು ಇಲ್ಲ ಅನ್ನೂ ಕಾರಣ ಕೊಟ್ಟೇನಿ. ಮೀಟರು ಹಚ್ಚಿ ತುಂಬೂಣು. ಅಲ್ಲಿಗೆ ಮುಗೀತು. ಈ ತಾರು ನಾ ನೋಡಿಲ್ಲ, ನೀವು ಕಳಿಸಿಲ್ಲ. ವರದಿ ಹಂಗ ಇರ್ಲಿ."

ಮೂರು ದಿನದ ಹಿಂದೆ ಇದು ಸಿಕ್ಕಿದ್ದರೆ ಅವಳು ಅವರ ಕಾಲಿಗೆ ಬೀಳುತ್ತಿದ್ದಳು. "ಆ ವರದಿ ಇನ್ನೂ ನಾಕು ಕಡೆ ಹೋಗೇತಿ ಸರ್. ಅಲ್ಲಿ ಯಾರೋ ಅದನ್ನ ಓದಿ ಮೀಟರು ಕಳಚ್ತಾರ."

"ನಿಮ್ಮ ಹೆಸರು ಹೋಗ್ತದ. ಎಂಟು ವರ್ಷ ಕಷ್ಟಪಟ್ಟು ಗಳಿಸಿದ್ದು. ಹೆಣ್ಣಮಗಳು ಅಂದಾಕ್ಷಣ ಮಂದಿ ಏನಂತಾರ ಗೊತ್ತೇನು?"

"ಗೊತ್ತದ ಸರ್. ಅದಕ್ಕ ಇಷ್ಟು ದಿನ ಸುಮ್ನಿದ್ದೆ."

ಕಪ್ಪು ಕಾಗದ ಬಿಚ್ಚಿ ಎರಡು ಪ್ಲೇಟುಗಳನ್ನು ಬೆಳಕಿನ ಮೇಜಿನ ಮೇಲೆ ಇಟ್ಟು, ಜೋಡಿಗನ್ನಡಿಯನ್ನು ಅವುಗಳ ಮೇಲೆ ಸರಿಯಾಗಿ ಕೂಡಿಸಿ, ಪಕ್ಕಕ್ಕೆ ಸರಿದಳು. ರಾವಸಾಬರು ಕೂತಲ್ಲೇ ಕೂತಿದ್ದರು. ಆಮೇಲೆ ಮೆಲ್ಲಗೆ ಎದ್ದು ಬಂದರು, ಬಾಗಿದರು. ಮೊದಲು ಅವರ ಭುಜಗಳು ಅಸಹನೆಯಿಂದ ಅಲುಗುತ್ತಿದ್ದವು. ಕಣ್ಣು ಎರಡೂ ಚಿತ್ರಗಳನ್ನು ಕೂಡಿಸಿ ಒಂದು ಮಾಡಿಕೊಂಡ ಕ್ಷಣ ಅವಳಿಗೆ ಗೊತ್ತಾಯಿತು, ಭುಜಗಳು ನಿಂತುಬಿಟ್ಟವು. ಅವರು ಬಹಳ ಹೊತ್ತು ಮೇಲೆ ಏಳಲಿಲ್ಲ. ಎದ್ದಾಗ ಮುಖದಲ್ಲಿ ಸಿಟ್ಟಿರಲಿಲ್ಲ, ಮುದಿತನವಿತ್ತು. "ಎಷ್ಟು ಆಳಕ್ಕ ಅದಾವು" ಎಂದರು, ಅವಳಿಗಲ್ಲ. ಕುರ್ಚಿಗೆ ಮರಳಿದ ಮೇಲೆ ಮತ್ತೆ ಮುಖ್ಯಸ್ಥರಾದರು. ವರದಿ ಹಿಂತೆಗೆಯುವ ಪತ್ರ ಬರೆದು ತನ್ನಿ, ನಾನು ಮೇಲಕ್ಕೆ ಕಳಿಸುತ್ತೇನೆ, ವಿಚಾರಣೆ ನಡೆಯುತ್ತದೆ, ಅದು ಮುಗಿಯುವವರೆಗೆ ನಾಳೆಯಿಂದ ನೀವು ಮೈಕ್ರೊಸ್ಕೋಪನ್ನು ಮುಟ್ಟುವಂತಿಲ್ಲ, ಎಂದು ಶುದ್ಧ ಇಂಗ್ಲಿಷಿನಲ್ಲಿ ಹೇಳಿದರು. ಪತ್ರ ಅವಳ ಚೀಲದಲ್ಲೇ ಇತ್ತು. ತೆಗೆದುಕೊಟ್ಟಳು. ಗೊತ್ತಿದ್ದೂ ಮೂರು ತಿಂಗಳು ಹೇಳಲಿಲ್ಲ ಎಂಬ ಸಾಲು ಅದರಲ್ಲಿತ್ತು. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಅವಳ ಮುಖ ನೋಡಿದರು, ಬೆರಳು ತೆಗೆದರು.

ಮಧ್ಯಾಹ್ನ ಮೈಕ್ರೊಸ್ಕೋಪಿನ ಕೋಣೆಯಲ್ಲಿ ಅವಳು ತನ್ನ ಸಾಮಾನು ಕಟ್ಟುತ್ತಿದ್ದಾಗ ಬಾಗಿಲಲ್ಲಿ ಪರಪ್ಪ ಬಂದು ನಿಂತ. ಅವನ ರಜೆ ಇನ್ನೂ ನಾಲ್ಕು ದಿನ ಇತ್ತು. ಊರಿಂದ ನೇರ ಬಂದಿದ್ದ, ಅಂಗಿಯ ಮೇಲೆ ರೈಲಿನ ಮಸಿ ಇತ್ತು. ಡಬ್ಬಿ ತುಂಬುವವರು ಈ ಕೋಣೆಗೆ ಬರುವಂತಿರಲಿಲ್ಲ, ಬಾಗಿಲ ಮೇಲೆ ಹಾಗೆ ಬರೆದಿತ್ತು. ಹೊಸ್ತಿಲ ಆಚೆಯೇ ನಿಂತು ಹೇಳಿದ: "ತುಂಬೂದು ನಿಂತೈತಂತ."

"ಹೌದು."

"ನಿಮ್ಮನ್ನ ತಗದಾರಂತ."

"ನಾಳಿಂದ."

"ಅವನ್ನ ನಾ ನೋಡಬೇಕ್ರಿ" ಎಂದ. "ಕಣ್ಣಿಲೆ."

ಅವಳು ಅವನನ್ನು ಒಳಗೆ ಕರೆದು, ತಾನು ಎಂಟು ವರ್ಷ ಕೂತ ಎತ್ತರದ ಸ್ಟೂಲಿನ ಮೇಲೆ ಕೂಡಿಸಿದಳು. ದೀಪ ಆರಿಸಿದಳು. ಹಸಿರು ಪರದೆಯ ಮೇಲೆ ಲೋಹ ಮೂಡಿತು. ಪರಪ್ಪ ಪರದೆಯ ಮುಂದಿನ ಗಾಜಿಗೆ ಮುಖ ಒತ್ತಿದ, ಏನೂ ಇಲ್ಲವಲ್ರಿ ಎಂದ. ಅವಳು ತಡೆ ಎಂದು ಫೋಕಸ್ಸನ್ನು ಕೂದಲೆಳೆಯಷ್ಟು ಕೆಡಿಸಿದಳು. ಹಸಿರಿನ ತುಂಬ ಚುಕ್ಕೆಗಳು ಎದ್ದವು. ಅವನು ಎಷ್ಟು ಹೊತ್ತು ನೋಡಿದನೋ, ಪಂಪಿನ ಸದ್ದೊಂದೇ ಇತ್ತು. ಅವಳು ಏನನ್ನೂ ವಿವರಿಸಲಿಲ್ಲ, ಕ್ಷಮೆ ಕೇಳಲಿಲ್ಲ. ಕೇಳಿದರೆ ಅವನು ಕೊಟ್ಟಾನು, ಅದು ಅವಳಿಗೆ ಬೇಡವಾಗಿತ್ತು.

ಪರಪ್ಪ ಸ್ಟೂಲಿನಿಂದ ಇಳಿದ. "ಕೆಳಗ ಡಬ್ಬಿ ತುಂಬಾವ್ರು ಇನ್ನೂ ಐದು ಮಂದಿ ಅದಾರ್ರಿ" ಎಂದ. "ಗುರಪ್ಪ ಅಂತೂ ನನಕಿಂತ ಹಳಬ. ಕರಕೊಂಡ ಬರ್ತೇನಿ. ಇದನ್ನ ಹಿಂಗ ಹಿಡೀರಿ, ಆರಿಸಬ್ಯಾಡ್ರಿ."

ಅವನು ಹೋದ. ಸಗೀರಾ ಬಾಗಿಲನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದಂತೆ ತನ್ನ ಚೀಲವನ್ನು ಅಡ್ಡ ಇಟ್ಟಳು. ಮರಳಿ ಬಂದು ಯಂತ್ರದ ಪಕ್ಕ ನಿಂತಳು. ಕಾರಿಡಾರಿನ ಆ ತುದಿಯಲ್ಲಿ ಆಗಲೇ ಹಲವು ಜೋಡಿ ಬೂಟುಗಳ ಸಪ್ಪಳ ಮೆಟ್ಟಿಲು ಏರಿ ಬರುತ್ತಿತ್ತು.